ಅಧಿಕೃತವಾಗಿ ಇನ್ನೂ ನಡೆಯದ ಸ್ಪಂದನ

ಕಲ್ಯಾಣದುರ್ಗದ ಲಿಂಗಣ್ಣನವರ ಮೊಮ್ಮಗಳು ಕುಮಾರಿ ಸ್ಪಂದನ ಇನ್ನೂ ನಡೆಯಲು ಕಲಿತಿರುವುದಿಲ್ಲ. ಇದು ನಮ್ಮ ಸಮಿತಿ ಖಚಿತಪಡಿಸಿರುವ ಸಂಗತಿ. ಖಚಿತಪಡಿಸಿ ಸಹಿ ಹಾಕಿದವನು ನಾನೇ. ಇದನ್ನು ಬರೆಯುತ್ತಿರುವ ಹೊತ್ತಿಗೆ ಸದರಿ ಮಗು ನನ್ನ ಜೆರಾಕ್ಸ್ ಅಂಗಡಿಯ ಮುಂದೆ ಒಂದು ಕೋಳಿಯ ಬೆನ್ನು ಹತ್ತಿದೆ, ಕೋಳಿ ಏದುಸಿರು ಬಿಡುತ್ತಿದೆ. ಅದು ಬೇರೆ ವಿಷಯ.

ಸಮಿತಿ ಎಂದರೆ ‘ಮೇಲಿನ ಬೀದಿ ಮೊದಲ ಹೆಜ್ಜೆ ಶಾಸ್ತ್ರ ಪಾಲನಾ ಸಮಿತಿ, ಕಲ್ಯಾಣದುರ್ಗ’. ನಮ್ಮ ಕಡೆ ಮಗು ಹೆಜ್ಜೆ ಇಡುವ ಕಾಲ ಬಂದಾಗ ತಾಯಿಯ ತವರಿನಲ್ಲಿ ಕಜ್ಜಾಯ ಮಾಡಿ, ಸಾಲಾಗಿ ಜೋಡಿಸಿ, ಅದರ ಮೇಲೆ ಮಗುವನ್ನು ನಡೆಸುತ್ತಾರೆ. ತೆಲುಗಿನವರು ಇದೇ ಕಜ್ಜಾಯವನ್ನು ಅರಿಸೆಲು ಎನ್ನುತ್ತಾರೆ. ಹೆಸರು ಯಾವುದಾದರೂ ಎಣ್ಣೆ ಕುಡಿಯುವುದರಲ್ಲಿ ವ್ಯತ್ಯಾಸವಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಒಂದು ಮನೆಯ ಮೊಮ್ಮಗ ತನ್ನ ಮೊದಲ ಹೆಜ್ಜೆಯನ್ನು ಅಮ್ಮನ ತವರಿನಲ್ಲೂ ಇಡದೆ ಅಪ್ಪನ ಮನೆಯಲ್ಲೂ ಇಡದೆ, ಯಾರದೋ ಮದುವೆಯ ಊಟದ ಪಂಕ್ತಿಯ ನಡುವೆ ಇಟ್ಟುಬಿಟ್ಟ. ನಮ್ಮ ಸಾಲಿನ ಕಡೆಗೆ ಇಟ್ಟ ಎಂದು ಇವರು, ನಮ್ಮ ಸಾಲಿನ ಕಡೆಗೆ ಎಂದು ಅವರು. ಬೀಗರ ನಡುವೆ ಮಾತು ನಿಂತಿತು, ಮಾತಿನ ಹಿಂದೆಯೇ ಹುಣಸೆಹಣ್ಣಿನ ವ್ಯಾಪಾರವೂ ನಿಂತಿತು. ಇಂಥ ಅನಾಹುತ ಮರುಕಳಿಸಬಾರದೆಂದು ಹಿರಿಯರು ಸೇರಿ ಸಮಿತಿ ಮಾಡಿದರು. ಬಸ್ ಸ್ಟ್ಯಾಂಡಿನ ಹತ್ತಿರದ ನನ್ನ ಅಂಗಡಿಯಲ್ಲಿ ರಬ್ಬರ್ ಸ್ಟಾಂಪನ್ನೂ ಮಾಡಿಕೊಡುತ್ತೇನಾದ್ದರಿಂದ ಕಾರ್ಯದರ್ಶಿಯಾಗಲು ನನಗೆ ಬೇರೆ ಅರ್ಹತೆ ಬೇಕಾಗಲಿಲ್ಲ.

ನಿಯಮಗಳು ಸರಳವಾಗಿವೆ. ತಾಯಿಯ ತವರಿನಲ್ಲಿ, ತಾಯಿಯ ತಾಯಿಯ ಕಣ್ಣೆದುರಿನಲ್ಲಿ, ಕಜ್ಜಾಯದ ಮೇಲೆ ಇಟ್ಟದ್ದು ಮಾತ್ರ ಹೆಜ್ಜೆ. ಮಿಕ್ಕಿದ್ದೆಲ್ಲ ಪಾದಚಲನೆ. ಓಡುವುದನ್ನು ನಡಿಗೆಯೆಂದು ಪರಿಗಣಿಸತಕ್ಕದ್ದಲ್ಲ. ಶಾಸ್ತ್ರಕ್ಕೆ ಮುಂಚೆ ಮಗು ನಡೆದದ್ದು ರುಜುವಾತಾದರೆ ತವರಿನವರ ಹಕ್ಕು ಬಿದ್ದುಹೋಗುತ್ತದೆ, ಶಾಸ್ತ್ರ ರದ್ದಾಗುತ್ತದೆ. ಶಾಸ್ತ್ರಕ್ಕೆ ಮುಂಚೆ ಕಾಲಿಗೆ ಗೆಜ್ಜೆ ಕಟ್ಟಕೂಡದು, ನಡೆಯದ ಮಗುವಿಗೆ ಗೆಜ್ಜೆಯ ಅಗತ್ಯವೇನು? ಕೊನೆಯದಾಗಿ, ಕಜ್ಜಾಯವು ಮಗುವಿನ ಪಾದಕ್ಕೆ ತಕ್ಕಷ್ಟು ಮೆತ್ತಗಿದೆಯೇ ಎಂಬುದನ್ನು ಸಮಿತಿಯ ಸದಸ್ಯರು ಮುಂಚಿತವಾಗಿ ಪರೀಕ್ಷಿಸಬೇಕು. ದೊಡ್ಡವರು ಪಾದದಿಂದ ಪರೀಕ್ಷಿಸುವುದು ಸಭ್ಯತೆಯಲ್ಲವಾದ್ದರಿಂದ ನಾಲಿಗೆಯಿಂದ ಪರೀಕ್ಷಿಸತಕ್ಕದ್ದು. ಈ ಕೊನೆಯ ನಿಯಮಕ್ಕೆ ಇವತ್ತಿನವರೆಗೂ ಒಬ್ಬ ಸದಸ್ಯರೂ ಗೈರುಹಾಜರಾದ ಉದಾಹರಣೆ ಇಲ್ಲ.

ಸ್ಪಂದನಳ ಅಜ್ಜ ಲಿಂಗಣ್ಣನವರೇ ಸಮಿತಿಯ ಅಧ್ಯಕ್ಷರು. ಪಕ್ಷಪಾತದ ಮಾತು ಬರಬಾರದೆಂದು ಅವರು ಮೊಮ್ಮಗಳ ಶಾಸ್ತ್ರಕ್ಕೆ ಅನುಮತಿ ಕೋರಿ ತಮಗೇ ಅರ್ಜಿ ಕೊಟ್ಟುಕೊಂಡರು. ಅಧ್ಯಕ್ಷರ ಸ್ಥಾನದಲ್ಲಿ ಕೂತು ಅದನ್ನು ಒಮ್ಮೆ ತಿರಸ್ಕರಿಸಿದರು. ಕಾರಣಗಳನ್ನು ಸರಿಪಡಿಸಿ ಮತ್ತೆ ಕೊಟ್ಟಾಗ ಮಂಜೂರು ಮಾಡಿದರು. ಅವರ ನಿಷ್ಠುರತನದ ಬಗ್ಗೆ ಬೀದಿಯಲ್ಲಿ ಒಳ್ಳೆಯ ಮಾತು ಬಂತು.

ಈ ಶಾಸ್ತ್ರಕ್ಕಾಗಿ ಜೀವ ಹಿಡಿದುಕೊಂಡಂತೆ ಕಾಯುತ್ತಿದ್ದವರು ಅವರ ಹೆಂಡತಿ ಸುವರ್ಣಮ್ಮ. ಆಕೆ ಹೋದ ವರ್ಷ ಹಿತ್ತಲಿನಲ್ಲಿ ಜಾರಿ ಬಿದ್ದು ಮಂಡಿಗೆ ಏಟು ಮಾಡಿಕೊಂಡಿದ್ದರು. ಡಾಕ್ಟರು ನೋಡಿ, ಮಂಡಿ ವಾಸಿಯಾಗಿದೆ, ದಿನಾ ನಡೆಯಿರಿ ಎಂದರು. ಆಕೆ ಹೆದರಿಕೆಗೆ ಏಳಲಿಲ್ಲ. ಡಾಕ್ಟರ ಅಭಿಪ್ರಾಯಕ್ಕಿಂತ ಹೆಂಡತಿಯ ಅಭಿಪ್ರಾಯವೇ ಮೇಲೆಂದು ಲಿಂಗಣ್ಣನವರು ‘ಸುವರ್ಣಮ್ಮನವರು ನಡೆಯುವುದಿಲ್ಲ’ ಎಂದು ಸಮಿತಿಯಲ್ಲಿ ಠರಾವು ಪಾಸು ಮಾಡಿಸಿದರು. ಠರಾವು ಆದಮೇಲೆ ಏಳುವ ಪ್ರಶ್ನೆಯೇ ಬರಲಿಲ್ಲ. ಪಡಸಾಲೆಯ ಕುರ್ಚಿಯಲ್ಲಿ ಕೂತವರು ಕೂತೇ ಇದ್ದರು, ಕೂತಲ್ಲಿಂದಲೇ ಅಕ್ಕಿ ನೆನೆಸಿಸಿದರು, ಹಿಟ್ಟು ಮಾಡಿಸಿದರು, ಬೆಲ್ಲದ ಪಾಕ ಹಿಡಿಸಿದರು. ಮಗಳ ಮಗಳು ತನ್ನ ಕಣ್ಣ ಮುಂದೆ ಹೆಜ್ಜೆ ಇಡಬೇಕು ಅನ್ನುವುದೊಂದೇ ಆಕೆಯ ಆಸೆ.

ಸಮಿತಿ ನನಗೆ ಆದೇಶ ಕೊಟ್ಟಿತು. ಶನಿವಾರ ಮಗುವಿನ ಅಪ್ಪನ ಊರಾದ ಹಿಂದೂಪುರಕ್ಕೆ ಹೋಗಿ, ಮಗು ನಡೆಯುವುದಿಲ್ಲವೆಂಬುದನ್ನು ಖುದ್ದಾಗಿ ನೋಡಿ ದೃಢೀಕರಿಸಿ, ಭಾನುವಾರ ಮನೆಯವರ ಸಮೇತ ಕರೆತರತಕ್ಕದ್ದು.

ಶನಿವಾರ ಮಧ್ಯಾಹ್ನ ಹಿಂದೂಪುರದ ಆ ಮನೆಯ ಬಾಗಿಲು ತಟ್ಟಿದೆ. ಒಳಗಿನಿಂದ ತಟತಟನೆ ಪಾದದ ಸದ್ದು ಬಂತು. ಬಾಗಿಲು ಸ್ವಲ್ಪವೇ ತೆರೆದು, ನನ್ನ ಮೊಣಕಾಲಿನ ಎತ್ತರದಲ್ಲಿ ಒಂದು ಮುಖ ಕಾಣಿಸಿತು. ಅದು ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿ, ನಾನು ಬಿಟ್ಟಿದ್ದ ಚಪ್ಪಲಿಯಲ್ಲಿ ಒಂದನ್ನು ಎತ್ತಿಕೊಂಡು, ನನ್ನ ಕಾಲಿನ ಪಕ್ಕದಿಂದ ನುಸುಳಿ ಬೀದಿಗೆ ಇಳಿದು ಹೊರಟೇಹೋಯಿತು. ಹಿಂದೆಯೇ ಮಗುವಿನ ತಂದೆ ರುದ್ರೇಶ್ ಲುಂಗಿ ಎತ್ತಿ ಕಟ್ಟಿಕೊಂಡು ಓಡಿದರು. ಅವರದು ಸಂತೆ ಪೇಟೆಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ, ದಿನವೆಲ್ಲ ಗದ್ದಿಗೆಯ ಮೇಲೆ ಕೂರುವ ಕೆಲಸ. ಈ ಮಗು ಹುಟ್ಟಿದ ಮೇಲೆ ಅವರ ಹೊಟ್ಟೆ ಕರಗಿದೆ ಎಂದು ಆಮೇಲೆ ತಿಳಿಯಿತು.

"ಅಣ್ಣಾ, ತಪ್ಪು ತಿಳ್ಕಬ್ಯಾಡಿ," ಎಂದರು ರುದ್ರೇಶ್, ಮಗುವನ್ನೂ ಚಪ್ಪಲಿಯನ್ನೂ ಎತ್ತಿಕೊಂಡು ಬಂದು. "ಇವ್ಳು ನಡೆಯಾಕಿಲ್ಲ. ಚಪ್ಲಿ ಎಳ್ಕಂಡು ಹೋಯ್ತದೆ, ಅದ್ರ ಜೊತೆಗೆ ಇವ್ಳೂ ಹೋಯ್ತಾಳೆ, ಅಷ್ಟೆ."

ಚಪ್ಪಲಿಯ ವಿಷಯದಲ್ಲಿ ನಿಯಮ ಮೌನವಾಗಿರುವುದರಿಂದ ನಾನು ಒಪ್ಪಿಕೊಂಡೆ. ಅಷ್ಟರಲ್ಲಿ ಮಗುವಿನ ತಾಯಿ ಶಿವಲೀಲಾ ನೀರಿನ ಚೊಂಬು ಹಿಡಿದು ಬಂದಳು. ನಮ್ಮ ಬೀದಿಯಲ್ಲೇ ಬೆಳೆದವಳು, ನನ್ನ ಕೈಯಲ್ಲೇ ಹಾಲ್ ಟಿಕೆಟ್ ಜೆರಾಕ್ಸ್ ಮಾಡಿಸಿಕೊಂಡವಳು. ಅವಳ ಮುಖ ಬಿಳುಚಿಕೊಂಡಿತ್ತು.

"ಓಬುಳೇಶಣ್ಣ, ನಿನ್ನ ಮುಂದೆ ಯಾಕೆ ಸುಳ್ಳು, ನಿಜ ಹೇಳ್ಬುಡ್ತೀನಿ. ಇವ್ಳು ಹಬ್ಬಕ್ಕೆ ಮುಂಚೇನೇ..."

"ಅಮ್ಮಾ, ನಿಲ್ಲಿಸು. ಕಾರ್ಯದರ್ಶಿ ಮುಂದೆ ನಿಜ ಹೇಳಬಾರ್ದು. ಹೇಳಿದ್ರೆ ನಾನು ಬರೀಬೇಕಾಯ್ತದೆ."

"ಬರೀಬ್ಯಾಡ ಕಣಣ್ಣ. ಗೊತ್ತಾದ್ರೆ ಅಮ್ಮ ಎದೆ ಒಡ್ಕಂತಾಳೆ. ಕುರ್ಚಿಯಿಂದ ಏಳದೋಳು, ಇದೊಂದೇ ಆಸೆ ಇಟ್ಕಂಡವ್ಳೆ. ಶಾಸ್ತ್ರ ತಪ್ಪಿದ್ರೆ ನಾನು ಯಾವ ಮುಖ ಇಟ್ಕಂಡು ತವರಿಗೆ ಹೋಗ್ಲಿ?"

ಕಣ್ಣಲ್ಲಿ ನೀರು ತುಂಬಿಕೊಂಡಳು. ನನಗೂ ಕಷ್ಟವಾಯಿತು. ಆ ಹೊತ್ತಿಗೆ ಮಗು ಅಪ್ಪನ ತೋಳಿನಿಂದ ಜಾರಿ ಅಡುಗೆಮನೆಯ ಕಡೆ ಹೊರಟಿತ್ತು. ಅದರ ದಾರಿಯಲ್ಲಿ ರುದ್ರೇಶರ ತಾಯಿ ಗೌರಕ್ಕ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಗೋಡೆಯನ್ನು ತಡವರಿಸುತ್ತಾ ಬಂದರು. ಕಣ್ಣಿನ ಆಪರೇಷನ್ ಆಗಿದೆಯೇ ಎಂದು ವಿಚಾರಿಸಿದೆ.

"ಇಲ್ಲ ಕಣಪ್ಪ, ಕಣ್ಣು ಚೆನ್ನಾಗೈತೆ," ಎಂದರು ಗೌರಕ್ಕ. "ಮೊದ್ಲು ನೋಡೋ ಭಾಗ್ಯ ಬೀಗಿತ್ತಿದು. ನಾನು ಮುಂದಾಗಿ ನೋಡ್ಬುಟ್ರೆ ಆಯಮ್ಮಂಗೆ ಅನ್ಯಾಯ ಆಗಾಕಿಲ್ವ? ಅದ್ಕೇ ಇವ್ಳು ಎದ್ದು ನಿಂತ್ಲು ಅಂದ್ರೆ ನಾನು ಕಣ್ಣು ಮುಚ್ಕಂಬುಡ್ತೀನಿ. ಈಗ ಕೂತವ್ಳ?"

"ಇಲ್ಲ."

"ಹಂಗಾದ್ರೆ ಇನ್ನೊಂದ್ ಸ್ವಲ್ಪ ಮುಚ್ಚಿರ್ತೀನಿ."

ಇಂಥ ನಿಸ್ವಾರ್ಥ ಬೀಗಿತ್ತಿಯನ್ನು ನಾನು ಎಲ್ಲೂ ಕಂಡಿಲ್ಲ. ಹಣೆಯ ಮೇಲೆ ಕಂಬ ಬಡಿದ ಗುರುತು ಕೂಡ ಇತ್ತು. ಕಣ್ಣು ಮುಚ್ಚಿಕೊಂಡೇ ಅವರು ಮಗುವಿಗೆ ಒಳ್ಳೆಯ ನಡತೆಯನ್ನೂ ಕಲಿಸಿದ್ದರು. ನೆಲದ ಮೇಲೆ ಬಿದ್ದಿದ್ದ ರೊಟ್ಟಿಯ ಚೂರಿನ ಮೇಲೆ ಮಗು ಕಾಲಿಡುವ ಹಾಗಾದಾಗ, ಅದು ಹೇಗೆ ತಿಳಿಯಿತೋ, "ತಿನ್ನೋದನ್ನ ತುಳೀಬಾರ್ದು ಕಣಮ್ಮ, ಕಣ್ಗೊತ್ಕ" ಎಂದರು. ಮಗು ಗಕ್ಕನೆ ನಿಂತು, ಬಗ್ಗಿ, ಚೂರನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡಿತು. ಇದನ್ನು ಸದ್ವರ್ತನೆ ಎಂದು ನಾನು ಬರೆದುಕೊಂಡೆ. ಅದರಲ್ಲೇ ಕಂಟಕವಿದೆಯೆಂದು ಆಗ ಹೊಳೆಯಲಿಲ್ಲ.

ಸಂಜೆ ಮಗುವನ್ನು ಮನೆಯಲ್ಲಿ ಹಿಡಿಯಲಾಗದೆ ಎಲ್ಲರೂ ಪೇಟೆಗೆ ಹೊರಟೆವು. ಶನಿವಾರ ಭಾನುವಾರ ಬಂತೆಂದರೆ ಈ ಮನೆಯವರಿಗೆ ಇದೇ ಕೆಲಸವಂತೆ. ಬೇರೆಯವರು ಮಗುವನ್ನು ತಿರುಗಾಡಿಸಿಕೊಂಡು ಬರುತ್ತಾರೆ, ಇವರನ್ನು ಮಗು ತಿರುಗಾಡಿಸಿಕೊಂಡು ಬರುತ್ತದೆ. ರುದ್ರೇಶ್ ಅದನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಹೂವಿನ ಅಂಗಡಿಯ ಹತ್ತಿರ ಶಿವಲೀಲಾ ಕನಕಾಂಬರ ಕೇಳಲು ನಿಂತಳು, ರುದ್ರೇಶ್ ಜೇಬು ತಡಕಲು ಮಗುವನ್ನು ಕೆಳಗಿಳಿಸಿದರು. ಜೇಬಿನಿಂದ ಕೈ ಈಚೆಗೆ ಬರುವಷ್ಟರಲ್ಲಿ ಮಗು ಇರಲಿಲ್ಲ.

ಆಟೋಗಳು, ಬೈಕುಗಳು, ಮೂಟೆ ಹೊತ್ತವರು, ನಡುವೆ ಎಲ್ಲಿ ಹುಡುಕುವುದು? "ಗೆಜ್ಜೆ ಕಟ್ಟಿದ್ರೆ ಸದ್ದಾದ್ರೂ ಕೇಳ್ತಿತ್ತು, ನಿಮ್ಮ ರೂಲ್ಸಿಗೆ ಬೆಂಕಿ ಬೀಳಾ!" ಎಂದು ಶಿವಲೀಲಾ ಬೀದಿಯಲ್ಲೇ ಅತ್ತಳು. ಗೆಜ್ಜೆಯ ನಿಯಮ ಬರೆದ ಪೆನ್ನು ನನ್ನ ಜೇಬಿನಲ್ಲೇ ಇತ್ತು.

ಕೊನೆಗೆ ಮಗು ಸಿಕ್ಕಿದ್ದು ಎರಡು ಬೀದಿ ಆಚೆ, ಬಳೆ ಅಂಗಡಿಯ ಮುಂದೆ. ಒಂದು ಕೈಯಲ್ಲಿ ಸೌತೆಕಾಯಿ ಹಿಡಿದುಕೊಂಡು, ಹೋಗಿಬರುವವರನ್ನು ವಿಚಾರಿಸಿಕೊಳ್ಳುವ ಹಾಗೆ ನಿಂತಿತ್ತು. ಶಿವಲೀಲಾ ಅದನ್ನು ಎದೆಗೆ ಅವುಚಿಕೊಂಡು ಬೈದಳು, ಮುದ್ದಿಟ್ಟಳು, ಮತ್ತೆ ಬೈದಳು. ಸೌತೆಕಾಯಿ ಕೊಟ್ಟಿದ್ದ ಮುದುಕಿ ನನ್ನ ಕಡೆ ತಿರುಗಿ, ನಿಮ್ಮ ಪಾಪು ಇಷ್ಟು ದೂರ ಒಬ್ಬಳೇ ನಡೆದುಬಂತಲ್ಲ ಎಂದು ತೆಲುಗಿನಲ್ಲಿ ಬೆರಗಾದರು.

"ಮೀ ಪಾಪೇನಾ? ಇಂತ ದೂರಂ ಒಕ್ಕತೇ ನಡುಚುಕುಂಟ ವಚ್ಚಿಂದಿ!"

"ನಡೆದು ಬಂದಿಲ್ಲಮ್ಮ," ಎಂದು ನಾನು ತಿದ್ದಿದೆ. "ಬಂದಿದೆ, ಅಷ್ಟೆ."

"ಅಯಿತೆ ಎಗುರುಕುಂಟ ವಚ್ಚಿಂದಾ?"

ಹಾಗಾದರೆ ಹಾರಿಕೊಂಡು ಬಂತೇ ಎಂಬ ಆಕೆಯ ಪ್ರಶ್ನೆ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. ವರದಿಯಲ್ಲಿ ‘ಮಗು ಬಳೆ ಅಂಗಡಿಯ ಮುಂದೆ ಪತ್ತೆಯಾಯಿತು, ಆಗಮನದ ವಿಧಾನ ತಿಳಿದುಬಂದಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಮನೆಗೆ ಬರುತ್ತಿದ್ದಂತೆ ಸುವರ್ಣಮ್ಮನವರ ವೀಡಿಯೋ ಕಾಲ್ ಬಂತು. ಆಕೆ ದಿನಾ ಸಂಜೆ ಮಾಡುತ್ತಾರಂತೆ. ಶಿವಲೀಲಾ ಕಣ್ಣು ಒರೆಸಿಕೊಂಡು ಫೋನನ್ನು ಮಗುವಿನ ಮುಖದ ಹತ್ತಿರಕ್ಕೇ ಹಿಡಿದಳು. ಕಾಲು ಕಾಣಿಸಬಾರದು. ಮಗು ಒಂದು ಕಡೆ ನಿಲ್ಲುವುದಿಲ್ಲವಾದ್ದರಿಂದ ಶಿವಲೀಲಾ ಫೋನು ಹಿಡಿದು ಅದರ ಮುಂದೆ ಹಿಮ್ಮುಖವಾಗಿ ಓಡುತ್ತಿದ್ದಳು. ಅವಳು ಮಂಚಕ್ಕೆ ಬಡಿಯದಂತೆ ರುದ್ರೇಶ್ ಹಿಂದಿನಿಂದ ದಾರಿ ಹೇಳುತ್ತಿದ್ದರು. ಅವರಿಬ್ಬರ ಅಭ್ಯಾಸ ನೋಡಿ ನಾನು ಬೆರಗಾದೆ.

"ಬಂಗಾರಿ, ನಾಳೆ ಬತ್ತೀಯ? ಅಜ್ಜಿ ಮುಂದೆ ಹೆಜ್ಜೆ ಇಡ್ತೀಯ?" ಎಂದು ಫೋನಿನಲ್ಲಿ ಸುವರ್ಣಮ್ಮ ಕೇಳುತ್ತಿದ್ದರು. ಮಗು ಹೂಂ ಎನ್ನುತ್ತಾ ಮೂರನೆಯ ಸುತ್ತು ಹೊರಟಿತ್ತು.

ಭಾನುವಾರ ಮೊದಲ ಬಸ್ಸಿಗೇ ಹೊರಟೆವು. ಮಡಕಶಿರಾ ದಾಟಿ, ಪಾವಗಡದ ಮೇಲೆ ಕಲ್ಯಾಣದುರ್ಗದ ದಾರಿ. ಕಿಟಕಿ ಪಕ್ಕ ಕೂತ ಮಗು ಬಸ್ಸು ಹೊರಡುತ್ತಲೇ ಸೀಟಿನಿಂದ ಇಳಿಯಿತು. ಡ್ರೈವರನ ಹತ್ತಿರದಿಂದ ಹಿಂದಿನ ಸೀಟಿನವರೆಗೆ, ಹಿಂದಿನ ಸೀಟಿನಿಂದ ಡ್ರೈವರನ ಹತ್ತಿರಕ್ಕೆ ಓಡಾಟ ಶುರುವಾಯಿತು. ಗೌರಕ್ಕ ಕಣ್ಣು ಮುಚ್ಚಿದವರು ಹಾಗೇ ನಿದ್ದೆ ಹೋದರು. ನಾನು ಲೆಕ್ಕ ಹಾಕಿದೆ. ಮಗು ಹಿಂದಕ್ಕೆ ಹೋಗುವಾಗಲೂ ಬಸ್ಸು ಮುಂದಕ್ಕೇ ಹೋಗುತ್ತಿರುವುದರಿಂದ ಮಗು ವಾಸ್ತವವಾಗಿ ಕಲ್ಯಾಣದುರ್ಗದ ಕಡೆಗೇ ಹೋಗುತ್ತಿದೆ, ಅದು ಬಸ್ಸಿನ ಪ್ರಯಾಣವೇ ಹೊರತು ನಡಿಗೆಯಲ್ಲ. ಕಂಡಕ್ಟರ್ ಮಾತ್ರ ಒಂದೆರಡು ಸಲ ಮಗುವಿಗೆ ದಾರಿ ಬಿಟ್ಟು ಸುಸ್ತಾಗಿ ನನ್ನ ಪಕ್ಕ ಬಂದು ಕೂತ.

"ಸಾರ್, ಈ ಪಾಪಂಗೆ ಟಿಕೆಟ್ ಬ್ಯಾಡ. ಬ್ಯಾಗೇ ಕೊಟ್ಬುಡ್ತೀನಿ, ನನ್ನ ಡ್ಯೂಟಿ ಇವ್ಳೇ ಮಾಡ್ಲಿ," ಎಂದ.

ಪಾವಗಡದಲ್ಲಿ ಬಸ್ಸು ಟೀಗೆ ನಿಂತಿತು. ಮಗು ಇಳಿದು ಬಸ್ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ನೋಡುತ್ತಿದ್ದಂತೆಯೇ, ಕೈಬೀಸಿಕೊಂಡು, ಸಂದೇಹಕ್ಕೆ ಎಡೆಯಿಲ್ಲದ ಹಾಗೆ ನಡೆಯಿತು. ಇದನ್ನು ಚಪ್ಪಲಿಯ ಮೇಲೆ ಹಾಕುವಂತಿರಲಿಲ್ಲ, ಬಸ್ಸಿನ ಮೇಲೂ ಹಾಕುವಂತಿರಲಿಲ್ಲ. ಶಿವಲೀಲಾ ನನ್ನ ಮುಖವನ್ನೇ ನೋಡುತ್ತಿದ್ದಳು. ಆಗ ಎದುರಿನ ಬೋರ್ಡಿನ ಮೇಲೆ ನನ್ನ ಕಣ್ಣು ಬಿತ್ತು. ಪಾವಗಡ ಕರ್ನಾಟಕ. ನಮ್ಮ ಸಮಿತಿಯದು ಆಂಧ್ರಪ್ರದೇಶ. ಹೊರರಾಜ್ಯದಲ್ಲಿ ನಡೆದ ಪಾದಚಲನೆಯನ್ನು ವಿಚಾರಿಸುವ ಅಧಿಕಾರ ನಮಗಿಲ್ಲ.

"ಇಲ್ಲಿ ಎಷ್ಟ್ ಬೇಕೋ ಅಷ್ಟು ನಡೀಲಿ ಬಿಡಮ್ಮ," ಎಂದೆ. "ಗಡಿ ದಾಟೋವರ್ಗೂ ಭಯ ಇಲ್ಲ."

ಅವಳು ಆವತ್ತು ಮೊದಲ ಸಲ ನಕ್ಕಳು. ಬಸ್ಸು ಹೊರಡುವವರೆಗೂ ಆ ಕುಟುಂಬ ಮಗುವಿನ ಹಿಂದೆ ಮುಂದೆ ಮನಸಾರೆ ಓಡಾಡಿತು. ಗೌರಕ್ಕನನ್ನು ಎಬ್ಬಿಸಿ, ಇಲ್ಲಿ ಕಣ್ಣು ಬಿಡಬಹುದು ಎಂದು ತಿಳಿಸಿದೆ. ಆಕೆ ಕಣ್ಣು ಬಿಟ್ಟು, ಮೊಮ್ಮಗಳು ನಡೆಯುವುದನ್ನು ನೋಡಿ, "ಅಯ್ಯೋ ನನ್ ಕಂದಾ, ಎಷ್ಟ್ ಚೆಂದ ನಡೀತಾಳೆ!" ಎಂದು ದೃಷ್ಟಿ ನೀವಾಳಿಸಿದರು. ಬಸ್ಸು ಗಡಿಯ ಹತ್ತಿರ ಬರುತ್ತಿದ್ದಂತೆ ಕೇಳಿ ತಿಳಿದುಕೊಂಡು ಮತ್ತೆ ಮುಚ್ಚಿದರು.

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿಗೆ ಲಿಂಗಣ್ಣನವರೇ ಬಂದಿದ್ದರು. "ಮಗು ನಡೆಯಾಕಿಲ್ಲ ತಾನೆ?" ಎಂದು ಅಧ್ಯಕ್ಷರ ಧ್ವನಿಯಲ್ಲಿ ಕೇಳಿದರು. ಆಗ ಮಗು ಅವರ ಎರಡು ಕಾಲುಗಳ ನಡುವೆ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಬಂತು. ಲಿಂಗಣ್ಣನವರು ಆಕಾಶ ನೋಡಿದರು. "ಸಂತೋಷ," ಎಂದರು. ಆವತ್ತೆಲ್ಲ ಅವರು ಮೊಮ್ಮಗಳನ್ನು ಸೊಂಟದಿಂದ ಕೆಳಕ್ಕೆ ನೋಡಲಿಲ್ಲ.

ಸಂಜೆ ಪಡಸಾಲೆಯಲ್ಲಿ ಸಮಿತಿ ಸೇರಿತು. ಹೊಸಿಲಿನಿಂದ ಸುವರ್ಣಮ್ಮನವರ ಕುರ್ಚಿಯವರೆಗೆ ಬಾಳೆ ಎಲೆ ಹಾಸಿ ಅದರ ಮೇಲೆ ಕಜ್ಜಾಯ ಜೋಡಿಸಿದ್ದರು. ಗಸಗಸೆ ಅಂಟಿಸಿದ, ಹದವಾಗಿ ಕೆಂಪಗೆ ಬೆಂದ ಕಜ್ಜಾಯ, ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಸದಸ್ಯರು ಮನೆಯಿಂದ ಸ್ಟೀಲ್ ಕ್ಯಾರಿಯರ್ ತಂದಿದ್ದರು, ಏಕೆಂದರೆ ಕಜ್ಜಾಯ ಆರಿದ ಮೇಲೂ ಮೆತ್ತಗೆ ಉಳಿಯುತ್ತದೆಯೇ ಎಂಬ ಮರುಪರೀಕ್ಷೆಯನ್ನು ಮನೆಯಲ್ಲಿ ನಡೆಸಬೇಕಾಗುತ್ತದೆ. ಉಪಾಧ್ಯಕ್ಷ ಕೊಟ್ಟೂರಪ್ಪನವರು ಮೊದಲು ಪರೀಕ್ಷೆಗೆ ಕೂತರು.

"ನಡುವೆ ಮೆತ್ತಗೈತೆ," ಎಂದರು ಒಂದನ್ನು ಮುಗಿಸಿ. "ಅಂಚು ವಸಿ ಗಟ್ಟಿ ಅನ್ನುಸ್ತದೆ, ಮಗಿನ ಹೆಬ್ಬೆಟ್ಟಿಗೆ ಒತ್ತೀತು. ಇನ್ನೊಂದ್ ಕೊಡಿ, ನೋಡಾನ."

ಇನ್ನೊಂದರಲ್ಲಿ ಅಂಚು ಸರಿಯಿತ್ತು, ನಡುವಿನ ಬಗ್ಗೆ ಸಂದೇಹ ಬಂತು. ಸಂದೇಹ ನಿವಾರಣೆಗೆ ಮೂರನೆಯದು ಬೇಕಾಯಿತು. ಖಜಾಂಚಿ ಗಂಗುಲಪ್ಪನವರಿಗೆ ಸಕ್ಕರೆ ಕಾಯಿಲೆ. ಅವರು ಕಜ್ಜಾಯ ತಿನ್ನುವುದಿಲ್ಲ, ಪರೀಕ್ಷೆ ಮಾತ್ರ ಮಾಡುತ್ತಾರೆ. ಎಲ್ಲರಿಗಿಂತ ಹೆಚ್ಚು ಪರೀಕ್ಷೆ ಅವರೇ ಮಾಡಿದರು. ನಾನೂ ನನ್ನ ಕರ್ತವ್ಯದಿಂದ ಹಿಂಜರಿಯಲಿಲ್ಲ. ಪರೀಕ್ಷೆ ತೃಪ್ತಿಕರವಾಗಿ ಮುಗಿಯುವ ಹೊತ್ತಿಗೆ ಸಾಲು ಅರ್ಧಕ್ಕೆ ಬಂದಿತ್ತು, ಉಳಿದದ್ದನ್ನು ಎಳೆದು ಎಳೆದು ದೂರ ಜೋಡಿಸಿದೆವು.

ಸುವರ್ಣಮ್ಮ ಹೊಸ ಸೀರೆ ಉಟ್ಟು ಕುರ್ಚಿಯ ತುದಿಗೆ ಬಂದು ಕೂತಿದ್ದರು. ಎರಡೂ ಕೈ ಮುಂದಕ್ಕೆ ಚಾಚಿದ್ದರು. ಶಿವಲೀಲಾ ಮಗುವನ್ನು ಎತ್ತಿಕೊಂಡು ಬಂದು, ನನ್ನನ್ನೊಮ್ಮೆ ನೋಡಿ, ಅದರ ಪಾದವನ್ನು ಮೊದಲ ಕಜ್ಜಾಯದ ಕಡೆಗೆ ಇಳಿಸಿದಳು.

ಮಗು ಕೆಳಗೆ ನೋಡಿತು. ಎರಡೂ ಕಾಲನ್ನು ಸರಕ್ಕನೆ ಮೇಲಕ್ಕೆ ಎಳೆದುಕೊಂಡಿತು. ಶಿವಲೀಲಾ ಮತ್ತೆ ಇಳಿಸಿದಳು, ಮಗು ಮತ್ತೆ ಎಳೆದುಕೊಂಡಿತು. ಪಕ್ಕದ ಬರಿ ನೆಲದ ಮೇಲೆ ಬಿಟ್ಟಳು. ಮಗು ಅಲ್ಲೇ ಕುಕ್ಕರಿಸಿತು, ಕಜ್ಜಾಯವನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಿತು. ಗೌರಕ್ಕ ಕಣ್ಣು ಮುಚ್ಚಿದ್ದಲ್ಲೇ ವಿಷಯ ಊಹಿಸಿ ಹಣೆ ಚಚ್ಚಿಕೊಂಡರು. "ಅಯ್ಯೋ, ನಾನೇ ಕಲ್ಸಿದ್ನಲ್ಲಪ್ಪಾ! ತಿನ್ನೋದನ್ನ ತುಳೀಬಾರ್ದು ಅಂತ!"

ಸುವರ್ಣಮ್ಮನವರ ಚಾಚಿದ ಕೈ ಹಾಗೇ ಇತ್ತು. ಮಗು ಮಾತ್ರ ತನ್ನ ಕೆಲಸ ಬಿಡಲಿಲ್ಲ. ಒಂದೊಂದೇ ಕಜ್ಜಾಯ ಎತ್ತಿ, ಕಣ್ಣಿಗೆ ಒತ್ತಿಕೊಂಡು, ಫ್ರಾಕಿನ ಮಡಿಲಿಗೆ ಹಾಕಿಕೊಳ್ಳುತ್ತಾ, ಎಲೆಯ ಪಕ್ಕಪಕ್ಕದಲ್ಲೇ ಸಾಲಿನ ಕೊನೆಯವರೆಗೂ ಹೋಯಿತು. ಅಷ್ಟನ್ನೂ ಅಜ್ಜಿಯ ಮಡಿಲಿಗೆ ಸುರಿಯಿತು. ಆಮೇಲೆ ಆಕೆಯ ಬೆರಳು ಹಿಡಿದು ಎಳೆಯಿತು.

"ಅಜ್ಜಿ, ಬಾ."

"ನಾನು ನಡೆಯಂಗಿಲ್ವಲ್ಲ ಕಣಮ್ಮ," ಎಂದರು ಸುವರ್ಣಮ್ಮ ಮೆಲ್ಲಗೆ. "ಠರಾವು ಆಗೈತೆ."

ಠರಾವು ಎಂದರೇನೆಂದು ಆ ಮಗುವಿಗೆ ತಿಳಿಯದು. ಅದು ಇನ್ನೂ ಜೋರಾಗಿ ಎಳೆಯಿತು. ಸುವರ್ಣಮ್ಮ ಮಡಿಲಿನ ಕಜ್ಜಾಯವನ್ನು ಪಕ್ಕಕ್ಕೆ ಇಟ್ಟರು, ಕುರ್ಚಿಯ ಕೈ ಹಿಡಿದರು, ಮಂಡಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಎದ್ದು ನಿಂತರು. ಒಂದು ಕಾಲು ಮುಂದಿಟ್ಟರು, ಇನ್ನೊಂದು ಇಟ್ಟರು. ಬೀಳುತ್ತಾರೆಂದು ಹಿಡಿಯಲು ಎದ್ದ ಲಿಂಗಣ್ಣನವರು ಹಿಡಿಯದೆ ಹಾಗೇ ನಿಂತುಬಿಟ್ಟರು, ಕೈ ಮಾತ್ರ ಗಾಳಿಯಲ್ಲಿತ್ತು. ಅಜ್ಜಿ ಮೊಮ್ಮಗಳು ಹೊಸಿಲು ದಾಟಿದರು, ಬೀದಿಗೆ ಇಳಿದರು, ಮೂಲೆಯ ಕಡಲೆಕಾಯಿ ಗಾಡಿಯ ಕಡೆ ಹೊರಟರು. ನನಗೆ ಬಹಳ ಸಂತೋಷವಾಯಿತು. ವರದಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಅವರು ಹೋಗಿಬರುವಷ್ಟರಲ್ಲಿ ಸಮಿತಿ ತುರ್ತು ಸಭೆ ನಡೆಸಿತು.

"ಲಿಂಗಣ್ಣೋರೆ, ಮಗು ಕಜ್ಜಾಯದ ಮೇಲೆ ಕಾಲಿಡ್ಲಿಲ್ಲ," ಎಂದರು ಕೊಟ್ಟೂರಪ್ಪ. "ಪಕ್ಕದಾಗೆ ಹೋಯ್ತು. ಆದ್ರಿಂದ ಅದು ಹೆಜ್ಜೆ ಅಲ್ಲ."

"ಹೆಜ್ಜೆ ಅಲ್ಲ," ಎಂದರು ಗಂಗುಲಪ್ಪ. "ಹೆಜ್ಜೆ ಇಡ್ಲಿಲ್ಲ ಅಂದ್ರೆ ಮಗಿಗೆ ನಡಿಗೆ ಇನ್ನೂ ಬಂದಿಲ್ಲ. ಬಂದಿಲ್ಲ ಅಂದ್ಮೇಲೆ ಶಾಸ್ತ್ರ ಇನ್ನೂ ಆಗ್ಬೇಕು."

"ಮತ್ತೆ ಇವ್ಳು?" ಎಂದರು ಲಿಂಗಣ್ಣ, ಬೀದಿಯ ಕಡೆ ನೋಡುತ್ತಾ. "ನಮ್ಮನೆಯೋಳು ನಡೀತಾವ್ಳಲ್ಲ?"

"ಠರಾವು ಐತಲ್ಲ ಸ್ವಾಮಿ. ಸುವರ್ಣಮ್ಮೋರು ನಡೆಯಾಕಿಲ್ಲ ಅಂತ. ಠರಾವು ರದ್ದಾಗೋವರ್ಗೂ ಅವ್ರು ನಡೆದ್ರೂ ನಡೆದಂಗಲ್ಲ."

ಹೀಗಾಗಿ ಆ ಸಂಜೆ ಯಾರೂ ನಡೆಯಲಿಲ್ಲವೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಶಾಸ್ತ್ರವನ್ನು ಮುಂದಿನ ತಿಂಗಳಿಗೆ ಮುಂದೂಡಲಾಯಿತು. ಕಜ್ಜಾಯವನ್ನು ಹೊಸದಾಗಿ ಮಾಡತಕ್ಕದ್ದು, ಪರೀಕ್ಷೆಯನ್ನೂ ಹೊಸದಾಗಿ ನಡೆಸತಕ್ಕದ್ದು. ಸದಸ್ಯರು ಕ್ಯಾರಿಯರ್ ಮುಚ್ಚಳ ಬಿಗಿದುಕೊಂಡು ಪ್ರಸನ್ನರಾಗಿ ಎದ್ದರು.

ಸುವರ್ಣಮ್ಮ ಕಡಲೆಕಾಯಿ ಪೊಟ್ಟಣ ಹಿಡಿದು ವಾಪಸು ಬಂದರು. ಏದುಸಿರು ಬಿಡುತ್ತಿದ್ದರು, ಮುಖ ಕೆಂಪಾಗಿತ್ತು. ಶಿವಲೀಲಾ ಓಡಿಹೋಗಿ ತಬ್ಬಿಕೊಂಡು, "ತಪ್ಪಾಯ್ತು ಕಣಮ್ಮ, ಇವ್ಳು ಹಬ್ಬಕ್ಕೆ ಮುಂಚೇನೇ..." ಎಂದು ಶುರುಮಾಡಿದಳು. ನಾನು ಕಿವಿ ಮುಚ್ಚಿಕೊಂಡೆ, ಆದರೂ ಕೇಳಿಸಿತು.

"ಗೊತ್ತು ಬುಡೆ," ಎಂದರು ಸುವರ್ಣಮ್ಮ. "ಫೋನ್ನಾಗೆ ಬರೀ ಮುಖ ತೋರುಸ್ತಿದ್ದೆ. ಹಿಂದ್ಗಡೆ ಗೋಡೆ ಓಡ್ತಿತ್ತು. ಗೋಡೆ ಓಡ್ತದೇನೆ ಎಲ್ಲಾದ್ರೂ?"

"ಗೊತ್ತಿದ್ದೂ ಯಾಕಮ್ಮ ಅಕ್ಕಿ ನೆನೆಸ್ದೆ?"

"ನಡೆದ್ಬುಟ್ಲು ಅಂದ್ರೆ ಶಾಸ್ತ್ರ ಇಲ್ಲ. ಶಾಸ್ತ್ರ ಇಲ್ಲ ಅಂದ್ರೆ ನೀವ್ ಬರಾಕಿಲ್ಲ. ಅಂಗಡಿ, ವ್ಯಾಪಾರ ಅಂತೀರಿ." ಆಕೆ ನನ್ನ ಕಡೆ ತಿರುಗಿದರು. "ಓಬುಳೇಶಾ, ಮುಂದಿನ ತಿಂಗ್ಳೂ ನೀನೇ ಹೋಗಿ ನೋಡ್ಕಂಡ್ ಬಾರಪ್ಪ. ಇವ್ಳು ನಡೀಬಾರ್ದು, ತಿಳೀತಾ?"

ತಿಳಿಯಿತು ಎಂದೆ.

ಮುಂದಿನ ತಿಂಗಳು ಮಗು ಕಜ್ಜಾಯದ ಸಾಲನ್ನು ಓಡಿಬಂದು ಹಾರಿತು. ಹಾರುವುದು ಹೆಜ್ಜೆಯಲ್ಲ. ಅದರ ಮುಂದಿನ ತಿಂಗಳು ಪರೀಕ್ಷೆ ಅತಿ ಕೂಲಂಕಷವಾಗಿ ನಡೆದದ್ದರಿಂದ ಕಾಲಿಡಲು ಕಜ್ಜಾಯವೇ ಉಳಿಯಲಿಲ್ಲ. ಆಮೇಲೊಮ್ಮೆ ಎಲ್ಲ ಸರಿಯಿತ್ತು, ಮಗು ಕಾಲನ್ನೂ ಎತ್ತಿತ್ತು, ಆ ಗಳಿಗೆಯಲ್ಲಿ ಸುವರ್ಣಮ್ಮನವರೇ ಬೇರೆ ಕಡೆ ನೋಡಿಬಿಟ್ಟರು. ಅಜ್ಜಿಯ ಕಣ್ಣೆದುರಿನಲ್ಲಿ ಅಲ್ಲವಾದ್ದರಿಂದ ಅದೂ ಬಿದ್ದುಹೋಯಿತು. ಗೌರಕ್ಕ ಈಗ ಪಾವಗಡದಲ್ಲಿ ಎಲ್ಲರಿಗಿಂತ ಮೊದಲು ಬಸ್ಸಿನಿಂದ ಇಳಿಯುತ್ತಾರೆ.

ಗೆಜ್ಜೆಯ ವಿಷಯವನ್ನು ಶಿವಲೀಲಾ ಬಿಡಲಿಲ್ಲ. ನಡೆಯದ ಮಗುವಿನ ಕಾಲಿಗೆ ಗೆಜ್ಜೆ ಕೂಡದೆಂಬ ನಿಯಮವನ್ನು ಸಮಿತಿಯೂ ಬಿಡಲಿಲ್ಲ. ಕೊನೆಗೆ ನನ್ನ ಸೂಚನೆಯ ಮೇರೆಗೆ ಗೆಜ್ಜೆಯನ್ನು ಸುವರ್ಣಮ್ಮನವರು ಈಗ ಹಿಡಿದು ಓಡಾಡುವ ಊರುಗೋಲಿಗೆ ಕಟ್ಟಲಾಯಿತು. ನಮ್ಮೂರಿಗೆ ಬಂದಾಗ ಮಗು ಎಲ್ಲಿದ್ದರೂ ಆ ಕೋಲು ಅದರ ಹಿಂದೆಯೇ ಇರುವುದರಿಂದ ಉದ್ದೇಶ ಈಡೇರಿದೆ. ಮೊನ್ನೆ ಸಮಿತಿಯ ಕೆಳಕಂಡ ಪ್ರಕಟಣೆಯನ್ನು ನನ್ನ ಅಂಗಡಿಯಲ್ಲೇ ಜೆರಾಕ್ಸ್ ಮಾಡಿ ಬೀದಿಯ ಗೋಡೆಗಳಿಗೆ ಅಂಟಿಸಿದ್ದೇನೆ:

‘ಮೇಲಿನ ಬೀದಿಯಲ್ಲಿ ಗೆಜ್ಜೆಯ ಸದ್ದು ಕೇಳಿಬಂದಲ್ಲಿ, ಎದುರಿಗೆ ಬರುತ್ತಿರುವ ಅಜ್ಜಿ ಮೊಮ್ಮಗಳಿಬ್ಬರನ್ನೂ ಕುಳಿತಿರುವವರೆಂದೇ ಭಾವಿಸಿ ಸಾರ್ವಜನಿಕರು ದಾರಿ ಬಿಡತಕ್ಕದ್ದು.’

ಎಲ್ಲರೂ ಬಿಡುತ್ತಿದ್ದಾರೆ. ಈಗ ಕೋಳಿಯೂ ಬಿಟ್ಟಿತು.